ಅಮೋನಿಯಾ ಇಳಿದರೆ ಸಾಲದು: ಸಣ್ಣ ಎಸ್‌ಟಿಪಿಗಳಲ್ಲಿ ಸಾರಜನಕ ತೆಗೆಯುವ ಸಮಗ್ರ ಮಾರ್ಗದರ್ಶಿ

ಕೋಲಾರದಲ್ಲಿ ನೆಲಕ್ಕೆ ಬಿಟ್ಟ ನೀರು ಊರು ಬಿಟ್ಟು ಹೋಗುವುದಿಲ್ಲ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ. ಚರಂಡಿಯ ನೀರು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ, ಕೆರೆ ಕೋಡಿ ಬಿದ್ದರೆ ಮುಂದಿನ ಕೆರೆಗೆ ಸೇರುತ್ತದೆ. ದಾರಿಯಲ್ಲಿ ಇಂಗಿದ್ದು ಬೋರ್‌ವೆಲ್ ಮೂಲಕ ಮತ್ತೆ ನಮ್ಮ ಬಿಂದಿಗೆಗೇ ಬರುತ್ತದೆ. 2018ರ ಜೂನ್‌ನಲ್ಲಿ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಇಲ್ಲಿನ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ‘ಮೂರನೇ ಹಂತದ ಶುದ್ಧೀಕರಣ’ ಎಂಬ ಬೇಡಿಕೆ ಇಲ್ಲಿ ಮನೆಮಾತಾಗಿದೆ. ಬೇಡಿಕೆ ನ್ಯಾಯವಾದದ್ದು. ಆದರೆ ಬೆಂಗಳೂರಿನ ದೊಡ್ಡ ಘಟಕಗಳನ್ನು ಕೇಳುವ ಪ್ರಶ್ನೆಯನ್ನು ನಮ್ಮದೇ ಹಾಸ್ಟೆಲ್, ಕಾಲೇಜು, ಬಡಾವಣೆಗಳ ಎಸ್‌ಟಿಪಿಗಳಿಗೂ (ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೂ), ನರಸಾಪುರ ಮತ್ತು ವೇಮಗಲ್‌ನ ಕಾರ್ಖಾನೆಗಳ ಎಸ್‌ಟಿಪಿಗಳಿಗೂ ಕೇಳಬೇಕು. ಅವುಗಳ ನೀರೂ ಸೇರುವುದು ಇದೇ ಕೆರೆಗಳಿಗೆ.

ಈ ಬರಹ ಅಂಥ ಸಣ್ಣ ಘಟಕ ನಡೆಸುವವರಿಗಾಗಿ. ಗಾಳಿ ಊದುವ ಬ್ಲೋವರ್, ಆ ಗಾಳಿ ಸೇರುವ ಏರೇಷನ್ ಟ್ಯಾಂಕ್, ಕೆಸರು ತಳ ಸೇರುವ ಕ್ಲಾರಿಫೈಯರ್ ಇರುವ ಸಾಮಾನ್ಯ ಘಟಕದಲ್ಲಿ ಹೆಚ್ಚು ಹಣ ಸುರಿಯದೆ ಸಾರಜನಕವನ್ನು ಗಾಳಿಗೆ ಕಳಿಸುವುದು ಹೇಗೆ ಎಂಬುದನ್ನು ಲೆಕ್ಕದ ಸಮೇತ ಇಲ್ಲಿ ಹೇಳುತ್ತೇನೆ.

ತಿಳಿ ನೀರಿನಲ್ಲಿ ಉಳಿದಿರುವುದು ಏನು

ಮನೆಗಳ ಕೊಳಚೆ ನೀರಿನಲ್ಲಿ ಲೀಟರಿಗೆ ಸುಮಾರು 40ರಿಂದ 60 ಮಿಲಿಗ್ರಾಂ ಸಾರಜನಕವಿರುತ್ತದೆ. ಅದರಲ್ಲಿ ಹೆಚ್ಚಿನದು ಮೂತ್ರದಿಂದ ಬಂದದ್ದು, ಅಮೋನಿಯಾ ರೂಪದಲ್ಲಿರುವಂಥದ್ದು. ಏರೇಷನ್ ಟ್ಯಾಂಕಿನಲ್ಲಿ ಗಾಳಿ ಚೆನ್ನಾಗಿ ಸಿಕ್ಕರೆ ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ನೈಟ್ರೀಕರಣ. ವರದಿಯಲ್ಲಿ ಅಮೋನಿಯಾ ಒಂದೆರಡು ಮಿಲಿಗ್ರಾಂಗೆ ಇಳಿದದ್ದನ್ನು ನೋಡಿ ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ಸಾರಜನಕ ಎಲ್ಲಿಗೂ ಹೋಗಿಲ್ಲ, ರೂಪ ಬದಲಿಸಿ ನೀರಿನಲ್ಲೇ ಕುಳಿತಿದೆ.

ಸಾರಜನಕವಾಗಿ ಅಳೆದ 40 ಮಿಲಿಗ್ರಾಂ ನೈಟ್ರೇಟನ್ನು ಪೂರ್ಣ ನೈಟ್ರೇಟ್ ಲೆಕ್ಕಕ್ಕೆ ತರಲು 4.43ರಿಂದ ಗುಣಿಸಬೇಕು. ಬರುವುದು 177 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಮಿತಿ 45 ಮಿಲಿಗ್ರಾಂ. ಅಂದರೆ ಅಮೋನಿಯಾದಲ್ಲಿ ಪೂರ್ಣ ಅಂಕ ಪಡೆದ ಘಟಕದ ನೀರೂ ಕುಡಿಯುವ ನೀರಿನ ಮಿತಿಯ ನಾಲ್ಕು ಪಟ್ಟು ನೈಟ್ರೇಟ್ ಹೊತ್ತು ಕೆರೆ ಸೇರಬಹುದು. ಹಸುಗೂಸುಗಳಿಗೆ ನೈಟ್ರೇಟ್ ತುಂಬಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವಿದೆ. ನೀರನ್ನು ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಇನ್ನಷ್ಟು ದಟ್ಟವಾಗುತ್ತದೆ. ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಯುವಿ, ಕ್ಲೋರಿನ್ ಯಾವುವೂ ನೈಟ್ರೇಟನ್ನು ಮುಟ್ಟುವುದಿಲ್ಲ. ಆರ್‌ಒ ಮುಟ್ಟುತ್ತದೆ, ಆದರೆ ತೆಗೆದದ್ದನ್ನು ತ್ಯಜಿಸಿದ ನೀರಿನಲ್ಲಿ ಹಾಗೇ ಹೊರಗೆ ಬಿಡುತ್ತದೆ. ಹೀಗಾಗಿ, ‘ಮೂರನೇ ಹಂತ’ದ ಹೆಸರಿನಲ್ಲಿ ಫಿಲ್ಟರ್ ಕೂರಿಸುವ ಮುಂಚೆ ಎರಡನೇ ಹಂತವನ್ನು, ಅಂದರೆ ಬ್ಯಾಕ್ಟೀರಿಯಾ ಕೆಲಸ ಮಾಡುವ ಹಂತವನ್ನು, ಸರಿಪಡಿಸಿ ಎಂಬುದೇ ನನ್ನ ಮೊದಲ ಮಾತು. ಸಾರಜನಕ ಹೋಗಬೇಕಾದ ಜಾಗ ಏರೇಷನ್ ಟ್ಯಾಂಕ್ ಮತ್ತು ಅದರ ಪಕ್ಕದ ಕೋಣೆ.

ಕೇಂದ್ರ ಪರಿಸರ ಸಚಿವಾಲಯದ 2015ರ ಕರಡು ನಿಯಮದಲ್ಲಿ ಒಟ್ಟು ಸಾರಜನಕಕ್ಕೆ 10 ಮಿಲಿಗ್ರಾಂ ಮಿತಿ ಇತ್ತು. 2017ರ ಅಂತಿಮ ಅಧಿಸೂಚನೆಯಲ್ಲಿ ಅದನ್ನು ಕೈಬಿಟ್ಟರು. ನಿಮ್ಮ ಘಟಕಕ್ಕೆ ಯಾವ ಮಿತಿ ಎಂಬುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ನೋಡಿಕೊಳ್ಳಿ. ಅಲ್ಲಿ ಏನೇ ಇರಲಿ, ಕೋಲಾರದಂಥ ನೆಲದಲ್ಲಿ 10ನ್ನೇ ಗುರಿಯಾಗಿಟ್ಟುಕೊಳ್ಳಬೇಕು.

ಮೊದಲು ಅಳತೆ

ಬೆಳಿಗ್ಗೆ ಎಂಟು ಗಂಟೆಗೆ ತೆಗೆದ ಒಂದು ಬಾಟಲಿ ನೀರು ಏನನ್ನೂ ಹೇಳುವುದಿಲ್ಲ. ಹಾಸ್ಟೆಲುಗಳಲ್ಲಿ ಆ ಹೊತ್ತಿನ ಅಮೋನಿಯಾವೇ ಬೇರೆ, ಮಧ್ಯಾಹ್ನದ್ದೇ ಬೇರೆ. ಎರಡು ಗಂಟೆಗೊಮ್ಮೆ ತೆಗೆದ ಮಾದರಿಗಳನ್ನು ತಂಪಿನಲ್ಲಿಟ್ಟು, ಒಟ್ಟು ಸೇರಿಸಿ ಪ್ರಯೋಗಾಲಯಕ್ಕೆ ಕೊಡಿ. ಒಳಬರುವ ನೀರಿಗೆ ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ), ಟಿಕೆಎನ್ (ಅಮೋನಿಯಾ ಮತ್ತು ಸಾವಯವ ಸಾರಜನಕದ ಮೊತ್ತ), ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ). ಹೊರಹೋಗುವ ನೀರಿಗೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಕ್ಷಾರತೆ. ಏರೇಷನ್ ಟ್ಯಾಂಕಿನ ನೀರಿಗೆ ಎಂಎಲ್‌ಎಸ್‌ಎಸ್, ಅಂದರೆ ಅದರಲ್ಲಿ ತೇಲುವ ಬ್ಯಾಕ್ಟೀರಿಯಾ ಕೆಸರಿನ (ಸ್ಲಡ್ಜಿನ) ಪ್ರಮಾಣ ಬೇಕು. ನೈಟ್ರೇಟಿನ ಅಂಕಿ ‘ಸಾರಜನಕವಾಗಿ’ ಇದೆಯೋ ‘ನೈಟ್ರೇಟಾಗಿ’ ಇದೆಯೋ ಎಂದು ವರದಿಯಲ್ಲೇ ಬರೆಸಿಕೊಳ್ಳಿ. ಇದೊಂದು ಗೊಂದಲದಿಂದಲೇ ನಾಲ್ಕು ಪಟ್ಟು ತಪ್ಪು ನುಸುಳುತ್ತದೆ.

ಬಿಒಡಿಯನ್ನು ಟಿಕೆಎನ್‌ನಿಂದ ಭಾಗಿಸಿ ನೋಡಿ. 4 ಅಥವಾ ಹೆಚ್ಚು ಬಂದರೆ ಹೊರಗಿನಿಂದ ಏನೂ ಸೇರಿಸದೆ ಕೆಲಸ ನಡೆಯುತ್ತದೆ. ಕಡಿಮೆ ಬಂದರೆ ಮೊದಲು ಹುಡುಕಬೇಕಾದದ್ದು ಹಳೆಯ ಸೆಪ್ಟಿಕ್ ಟ್ಯಾಂಕನ್ನು. ಹಲವು ಹಳೆಯ ಕಟ್ಟಡಗಳಲ್ಲಿ ಕೊಳಚೆ ನೀರು ಸೆಪ್ಟಿಕ್ ಟ್ಯಾಂಕ್ ದಾಟಿಯೇ ಎಸ್‌ಟಿಪಿಗೆ ಬರುತ್ತದೆ. ಸೆಪ್ಟಿಕ್ ಟ್ಯಾಂಕ್ ಬಿಒಡಿಯನ್ನು ತಿನ್ನುತ್ತದೆ, ಅಮೋನಿಯಾವನ್ನು ಬಿಟ್ಟುಬಿಡುತ್ತದೆ. ಮುಂದೆ ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಹಾರ ಅಲ್ಲೇ ಖರ್ಚಾಗಿರುತ್ತದೆ. ಕೊಳಚೆ ನೀರನ್ನು ಆ ಟ್ಯಾಂಕಿಗೆ ಬಿಡದೆ ಬಳಸುಮಾರ್ಗದಿಂದ ದಾಟಿಸುವುದು ಒಳ್ಳೆಯದು.

ಒಂದು ಲಕ್ಷ ಲೀಟರಿನ ಲೆಕ್ಕ

ದಿನಕ್ಕೆ ಒಂದು ಲಕ್ಷ ಲೀಟರ್, ಅಂದರೆ 100 ಘನ ಮೀಟರ್ ಕೊಳಚೆ ನೀರು ಬರುವ ಒಂದು ಕಾಲೇಜು ಹಾಸ್ಟೆಲ್ ಅಂದುಕೊಳ್ಳಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬಿಒಡಿ 200, ಟಿಕೆಎನ್ 50, ಕ್ಷಾರತೆ 300. ಏರೇಷನ್ ಟ್ಯಾಂಕ್ 60 ಘನ ಮೀಟರ್, ಎಂಎಲ್‌ಎಸ್‌ಎಸ್ 3500.

ಐವತ್ತರಲ್ಲಿ ಸುಮಾರು 9ನ್ನು ಬ್ಯಾಕ್ಟೀರಿಯಾ ತಮ್ಮ ಮೈ ಬೆಳೆಸಿಕೊಳ್ಳಲು ಬಳಸುತ್ತವೆ, ಒಂದಷ್ಟು ಕರಗದೆ ಉಳಿಯುತ್ತದೆ. ನೈಟ್ರೀಕರಣಕ್ಕೆ ಸಿಗುವುದು 40 ಎಂದು ಹಿಡಿಯೋಣ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು, 7.14 ಗ್ರಾಂ ಕ್ಷಾರತೆ ಕರಗಿಹೋಗುತ್ತದೆ. ನಲವತ್ತಕ್ಕೆ ಕ್ಷಾರತೆ 286 ಖರ್ಚು. ಬಂದದ್ದು 300, ಉಳಿದದ್ದು 14. ಅಷ್ಟು ಕಡಿಮೆಯಾದರೆ ಪಿಎಚ್ ಕುಸಿದು ನೈಟ್ರೀಕರಣವೇ ನಿಂತುಹೋಗುತ್ತದೆ. ಕೊನೆಯಲ್ಲಿ ಕನಿಷ್ಠ 70ರಿಂದ 80 ಉಳಿಯಬೇಕು.

ಇಲ್ಲಿಯೇ ಎರಡನೇ ಕ್ರಿಯೆಯ ಬೆಲೆ ತಿಳಿಯುವುದು. ಗಾಳಿ ಇಲ್ಲದ ಕಡೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಡಿ ಅದನ್ನು ಸಾರಜನಕ ಅನಿಲವಾಗಿ ಬಿಡುತ್ತವೆ. ಇದು ವಿನೈಟ್ರೀಕರಣ. ಹಾಗೆ ಹೋದ ಪ್ರತಿ ಗ್ರಾಂ ಸಾರಜನಕಕ್ಕೆ 3.57 ಗ್ರಾಂ ಕ್ಷಾರತೆ ಹಿಂದಿರುಗುತ್ತದೆ, 2.86 ಗ್ರಾಂ ಆಮ್ಲಜನಕದ ಕೆಲಸ ಉಳಿಯುತ್ತದೆ. ನಲವತ್ತರಲ್ಲಿ 32ನ್ನು ಹೀಗೆ ಕಳಿಸಿದರೆ 114 ಕ್ಷಾರತೆ ವಾಪಸ್, ಕೊನೆಯಲ್ಲಿ 128 ಉಳಿಕೆ. ಸುಣ್ಣ ಸುರಿಯುವ ಅಗತ್ಯವಿಲ್ಲ. ನೈಟ್ರೀಕರಣಕ್ಕೆ ದಿನಕ್ಕೆ ಬೇಕಾದ 18.3 ಕಿಲೋ ಆಮ್ಲಜನಕದಲ್ಲಿ 9 ಕಿಲೋ ಹಿಂದೆ ಬಂದಂತೆ. ಸಾರಜನಕ ತೆಗೆಯುವುದು ಕೆರೆಗಾಗಿ ಮಾಡುವ ಹೆಚ್ಚುವರಿ ಖರ್ಚು ಎಂದು ಆಡಳಿತ ಮಂಡಳಿಗಳು ಮೂಗು ಮುರಿಯುವಾಗ ತೋರಿಸಬೇಕಾದ ಲೆಕ್ಕ ಇದೇ.

ನೈಟ್ರೀಕರಣ ಉಳಿಸಿಕೊಳ್ಳುವುದು

ನೈಟ್ರೀಕರಣದ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತವೆ. ಅವು ಬೆಳೆಯುವುದಕ್ಕಿಂತ ಬೇಗ ಸ್ಲಡ್ಜ್ ಹೊರಹಾಕಿದರೆ ಘಟಕದಲ್ಲಿ ಅವುಗಳ ಬೀಜವೇ ಉಳಿಯುವುದಿಲ್ಲ. ಆದ್ದರಿಂದ ಸ್ಲಡ್ಜಿನ ವಯಸ್ಸು, ಅಂದರೆ ಅದು ಘಟಕದಲ್ಲಿ ಉಳಿಯುವ ಸರಾಸರಿ ದಿನಗಳು, ಮೊದಲ ಹಿಡಿತ. ನಮ್ಮ ಉದಾಹರಣೆಯಲ್ಲಿ ಟ್ಯಾಂಕಿನಲ್ಲಿರುವ ಸ್ಲಡ್ಜ್ 210 ಕಿಲೋ. ದಿನಕ್ಕೆ ಹುಟ್ಟುವುದು ಸುಮಾರು 15 ಕಿಲೋ. ಅಷ್ಟೇ ಹೊರಹಾಕಿದರೆ ವಯಸ್ಸು 14 ದಿನ. ಅದರಲ್ಲಿ ಗಾಳಿಯಲ್ಲಿ ಕಳೆಯುವ ಕಾಲ ಎಂಟರಿಂದ ಹತ್ತು ದಿನವಾದರೂ ಇರಬೇಕು. ಬೇಸಿಗೆಯಲ್ಲಿ ಇದಕ್ಕಿಂತ ಕಡಿಮೆಯಲ್ಲೂ ನಡೆಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಈ ಬ್ಯಾಕ್ಟೀರಿಯಾ ಮಂಕಾಗುತ್ತವೆ. ಆಗ ಸ್ಲಡ್ಜ್ ತೆಗೆಯುವುದನ್ನು ಸ್ವಲ್ಪ ಬಿಗಿ ಹಿಡಿಯಿರಿ.

ಹೊರಹಾಕುವುದನ್ನು ವಾರಕ್ಕೊಮ್ಮೆ ಒಟ್ಟಿಗೆ ಮಾಡದೆ ದಿನವೂ ಮಾಡಿ. ಮರುಕಳಿಸುವ ಸ್ಲಡ್ಜಿನ ಸಾಂದ್ರತೆ ಲೀಟರಿಗೆ 8 ಗ್ರಾಂ ಇದ್ದರೆ, ಕ್ಲಾರಿಫೈಯರ್ ನೀರಿನೊಂದಿಗೆ ಹೋಗುವ ಒಂದು ಕಿಲೋ ಬಿಟ್ಟು, ದಿನಕ್ಕೆ 1,750 ಲೀಟರ್ ತೆಗೆದರೆ ಲೆಕ್ಕ ಸರಿಹೋಗುತ್ತದೆ.

ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ 2 ಮಿಲಿಗ್ರಾಂ ಇರಲಿ, ಪಿಎಚ್ 7ರಿಂದ 8ರ ನಡುವೆ ಇರಲಿ. ಕೋಲಾರದ ಗಡಸು ಬೋರ್‌ವೆಲ್ ನೀರು ಈ ವಿಷಯದಲ್ಲಿ ನಮ್ಮ ಪರವಾಗಿದೆ. ಅದರ ಬೈಕಾರ್ಬನೇಟ್ ಕ್ಷಾರತೆ ಕೊಳಚೆ ನೀರಿಗೂ ಸಾಗಿ ಬರುತ್ತದೆ. ಮಳೆನೀರು ಅಥವಾ ಆರ್‌ಒ ನೀರು ಹೆಚ್ಚು ಬಳಸುವ ಕಟ್ಟಡಗಳಲ್ಲಿ ಆ ಆಸರೆ ಇಲ್ಲ, ಅಲ್ಲಿ ಕ್ಷಾರತೆಯನ್ನು ವಾರವೂ ಅಳೆಯಬೇಕು.

ಹೊಸದಾಗಿ ಶುರುಮಾಡುವವರು ಪೊಟ್ಟಣದ ‘ಕಲ್ಚರ್’ ಕೊಳ್ಳುವ ಬದಲು ಚೆನ್ನಾಗಿ ನಡೆಯುತ್ತಿರುವ ಘಟಕದಿಂದ ಟ್ಯಾಂಕರಿನಲ್ಲಿ ಸ್ಲಡ್ಜ್ ತರಿಸಿ. ಮೂರರಿಂದ ಐದು ವಾರಗಳಲ್ಲಿ ಅಮೋನಿಯಾ ಇಳಿಯುವುದು ಕಾಣುತ್ತದೆ. ನಡುವೆ ನೈಟ್ರೈಟ್ ಏರಿದರೆ ಗಾಬರಿ ಬೇಡ, ಎರಡನೇ ಗುಂಪು ಇನ್ನೂ ಬೆಳೆಯುತ್ತಿದೆ ಎಂದರ್ಥ. ಆದರೆ ಆ ದಿನಗಳಲ್ಲಿ ಕ್ಲೋರಿನ್ ಎಷ್ಟು ಹಾಕಿದರೂ ಮಾಯವಾಗುತ್ತದೆ, ಏಕೆಂದರೆ ಒಂದು ಗ್ರಾಂ ನೈಟ್ರೈಟ್ ಸಾರಜನಕ ಐದು ಗ್ರಾಂ ಕ್ಲೋರಿನ್ ನುಂಗುತ್ತದೆ.

ಈ ಬ್ಯಾಕ್ಟೀರಿಯಾಕ್ಕೆ ದೊಡ್ಡ ಶತ್ರು ಶೌಚಾಲಯ ತೊಳೆಯುವ ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿ. ಎಲ್ಲ ಮಹಡಿಗಳನ್ನು ಒಂದೇ ದಿನ ತೊಳೆಸಬೇಡಿ. ಸ್ವಚ್ಛತಾ ಸಿಬ್ಬಂದಿಯನ್ನು ಎಸ್‌ಟಿಪಿಗೆ ಕರೆದೊಯ್ದು ಒಮ್ಮೆ ತೋರಿಸಿ. ತಾವು ಸುರಿದದ್ದು ಎಲ್ಲಿಗೆ ಬರುತ್ತದೆ ಎಂದು ಕಂಡವರು ಅಳೆದು ಸುರಿಯುತ್ತಾರೆ.

ಗಾಳಿ ಇಲ್ಲದ ಕೋಣೆ ಮಾಡಿಕೊಳ್ಳುವುದು

ಇದಕ್ಕೆ ಎರಡು ದಾರಿ. ಮೊದಲನೆಯದು ಟ್ಯಾಂಕಿನ ಆರಂಭದಲ್ಲೇ ಒಂದು ಕೋಣೆ ಬೇರ್ಪಡಿಸುವುದು. ದಿನಕ್ಕೆ 3.2 ಕಿಲೋ ನೈಟ್ರೇಟ್ ಸಾರಜನಕ ಹೋಗಬೇಕು. ಸ್ಲಡ್ಜಿನ ಜೀವಾಂಶ ಘನ ಮೀಟರಿಗೆ 2.6 ಕಿಲೋ, ಒಂದು ಕಿಲೋ ಜೀವಾಂಶ ದಿನಕ್ಕೆ 0.1 ಕಿಲೋ ತೆಗೆಯುತ್ತದೆ ಎಂದಿಟ್ಟುಕೊಂಡರೆ 12 ಘನ ಮೀಟರ್ ಚಿಲ್ಲರೆ ಬೇಕು. 15 ಇರಲಿ, ಅಂದರೆ ಟ್ಯಾಂಕಿನ ಕಾಲು ಭಾಗ. ಉಳಿದ 45ರಲ್ಲಿ ಗಾಳಿಯ ವಯಸ್ಸು 10.5 ದಿನ ಬರುತ್ತದೆ, ನೈಟ್ರೀಕರಣಕ್ಕೆ ಧಕ್ಕೆಯಿಲ್ಲ.

ಆ ಕೋಣೆಯ ತಳದಲ್ಲಿ ಗಾಳಿಯ ಗುಳ್ಳೆ ಬಿಡುವ ಡಿಫ್ಯೂಸರುಗಳನ್ನು ಮುಚ್ಚಿ, ನೀರಿನಲ್ಲಿ ಮುಳುಗಿ ತಿರುಗುವ ಸಣ್ಣ ಮಿಕ್ಸರ್ ಹಾಕಿ. ಘನ ಮೀಟರಿಗೆ 5ರಿಂದ 10 ವ್ಯಾಟ್ ಸಾಕು. ಕಲಕಬೇಕು, ನೊರೆ ಎಬ್ಬಿಸಬಾರದು. ಕಚ್ಚಾ ಕೊಳಚೆ ನೀರು, ಕ್ಲಾರಿಫೈಯರಿನಿಂದ ಮರಳುವ ಸ್ಲಡ್ಜ್, ಏರೇಷನ್ ಕೊನೆಯಿಂದ ಪಂಪ್ ಮಾಡಿ ತಂದ ನೈಟ್ರೇಟ್ ನೀರು ಈ ಮೂರೂ ಇಲ್ಲೇ ಬಂದು ಬೀಳಬೇಕು. ಕೊಳಚೆಯ ಬಿಒಡಿ ಆಹಾರ, ನೈಟ್ರೇಟ್ ಉಸಿರು. ಆಹಾರವನ್ನು ಗಾಳಿಗೆ ಕೊಡುವ ಮುಂಚೆ ನೈಟ್ರೇಟಿಗೆ ಕೊಡುವುದೇ ಈ ಜೋಡಣೆಯ ಜಾಣತನ. ಅಮೆರಿಕದ ಲುಡ್ಜಾಕ್ ಮತ್ತು ಎಟಿಂಗರ್ 1962ರಲ್ಲಿ ಸೂಚಿಸಿ, ದಕ್ಷಿಣ ಆಫ್ರಿಕದ ಬಾರ್ನಾರ್ಡ್ 1973ರಲ್ಲಿ ತಿದ್ದಿದ ಕ್ರಮವಿದು.

ಎಷ್ಟು ನೀರನ್ನು ಹಿಂದಕ್ಕೆ ತರಬೇಕು? ಒಳಬರುವ ನೀರಿನ ಒಂದು ಪಟ್ಟು ಸ್ಲಡ್ಜ್ ಜೊತೆ, ಮೂರು ಪಟ್ಟು ಏರೇಷನ್ ಕೊನೆಯಿಂದ, ಒಟ್ಟು ನಾಲ್ಕು ಪಟ್ಟು ತಂದರೆ ಐದರಲ್ಲಿ ನಾಲ್ಕು ಪಾಲು ನೈಟ್ರೇಟ್ ಈ ಕೋಣೆಗೇ ಮರಳುತ್ತದೆ. ಐದನೇ ಪಾಲು, ಅಂದರೆ 8 ಮಿಲಿಗ್ರಾಂ, ಹೊರಗೆ ಹೋಗುತ್ತದೆ. ಅಮೋನಿಯಾ ಒಂದು, ಇತರೆ ಒಂದು ಸೇರಿದರೆ 10. ನಮ್ಮ ಅಳತೆಗೆ ಗಂಟೆಗೆ 12.5 ಘನ ಮೀಟರಿನ, ಕಡಿಮೆ ಎತ್ತರಕ್ಕೆ ಎತ್ತುವ ಪಂಪ್ ಸಾಕು. ನಾಲ್ಕನ್ನು ಆರು ಮಾಡಿದರೆ ಲಾಭ ಅಷ್ಟಿಲ್ಲ, ಹಿಂದಿರುಗುವ ನೀರು ಆಮ್ಲಜನಕವನ್ನೂ ಹೊತ್ತು ತರುತ್ತದೆ. ಏರೇಷನ್ ಕೊನೆಯಲ್ಲಿ ಆಮ್ಲಜನಕ 5 ಮಿಲಿಗ್ರಾಂ ಇದ್ದರೆ, ಮೂರು ಪಟ್ಟಿಗೆ 15 ಮಿಲಿಗ್ರಾಂ ಬಂದು 5 ಮಿಲಿಗ್ರಾಂ ನೈಟ್ರೇಟಿಗೆ ಸಲ್ಲಬೇಕಾದ ಆಹಾರವನ್ನು ತಿಂದುಹಾಕುತ್ತದೆ. ‘ಗಾಳಿ ಹೆಚ್ಚಿದ್ದರೆ ಒಳ್ಳೆಯದೇ’ ಎಂಬ ಮಾತು ಈ ಘಟಕದಲ್ಲಿ ಸುಳ್ಳು. ಗಾಳಿ ಇಲ್ಲದ ಕೋಣೆಯಲ್ಲಿ ಆಮ್ಲಜನಕ 0.2ಕ್ಕಿಂತ ಕೆಳಗಿರಲಿ.

ಗೋಡೆ ಕಟ್ಟಲು, ಡಿಫ್ಯೂಸರ್ ಬಿಚ್ಚಲು ಯಾರನ್ನೂ ಹಾಗೇ ಟ್ಯಾಂಕಿಗೆ ಇಳಿಸಬೇಡಿ. ಖಾಲಿಯಾದ ಟ್ಯಾಂಕಿನ ತಳದ ಕೆಸರಿನಿಂದಲೂ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ. ಪೂರ್ತಿ ಬರಿದು ಮಾಡಿ, ಯಂತ್ರದಿಂದ ತೊಳೆದು, ಗಾಳಿ ಹಾಯಿಸಿ, ಅನಿಲ ಮಾಪಕದಲ್ಲಿ ಪರೀಕ್ಷಿಸಿ, ಸುರಕ್ಷಾ ಪಟ್ಟಿ ಮತ್ತು ಮೇಲೆ ಕಾವಲಿಗೆ ಜನ ಇದ್ದರೆ ಮಾತ್ರ ಕೆಲಸ. ರಕ್ಷಣೆಯಿಲ್ಲದೆ ಇಳಿಸುವುದು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ.

ಗೋಡೆ ಕಟ್ಟಲಾಗದಿದ್ದರೆ

ನೆಲಮಾಳಿಗೆಯಲ್ಲಿ ಒತ್ತೊತ್ತಾಗಿ ಕೂರಿಸಿದ ಘಟಕಗಳಲ್ಲಿ ಎರಡನೇ ದಾರಿಯೇ ವಾಸಿ, ಸಣ್ಣ ಘಟಕಗಳಿಗೆ ನಾನು ಮೊದಲು ಹೇಳುವುದೂ ಇದನ್ನೇ. ಒಂದೇ ಟ್ಯಾಂಕಿನಲ್ಲಿ ಬ್ಲೋವರನ್ನು ಟೈಮರ್ ಮೂಲಕ 80 ನಿಮಿಷ ಓಡಿಸಿ, 40 ನಿಮಿಷ ನಿಲ್ಲಿಸಿ. ಓಡುವಾಗ ನೈಟ್ರೀಕರಣ. ನಿಂತ ಐದರಿಂದ ಹದಿನೈದು ನಿಮಿಷಗಳಲ್ಲಿ ಆಮ್ಲಜನಕ ಮುಗಿಯುತ್ತದೆ, ಆಮೇಲೆ ವಿನೈಟ್ರೀಕರಣ. ದಿನಕ್ಕೆ 16 ಗಂಟೆ ಗಾಳಿ. 14 ದಿನದ ಸ್ಲಡ್ಜಿಗೆ ಗಾಳಿಯ ವಯಸ್ಸು 9 ದಿನ ದಾಟುತ್ತದೆ.

ಇದರಲ್ಲಿ ಎಡವುವುದು ಮೂರು ಕಡೆ. ಗಾಳಿ ನಿಂತಾಗ ಸ್ಲಡ್ಜ್ ತಳ ಸೇರಿದರೆ ನೈಟ್ರೇಟಿಗೂ ಬ್ಯಾಕ್ಟೀರಿಯಾಕ್ಕೂ ಭೇಟಿಯೇ ಆಗುವುದಿಲ್ಲ, ಆದ್ದರಿಂದ ಮಿಕ್ಸರ್ ಬೇಕೇ ಬೇಕು. ಎರಡನೆಯದು, ದಿನದ ಆಮ್ಲಜನಕವನ್ನೆಲ್ಲ 16 ಗಂಟೆಯಲ್ಲಿ ಕೊಡುವ ಶಕ್ತಿ ಬ್ಲೋವರಿಗೆ ಇದೆಯೇ ನೋಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಬಿಒಡಿಗೆ ಸುಮಾರು 22 ಕಿಲೋ, ನೈಟ್ರೀಕರಣಕ್ಕೆ 18, ವಾಪಸ್ ಬಂದ 9 ಕಳೆದರೆ 31. ಗಂಟೆಗೆ ಎರಡು ಕಿಲೋ ನೀರಿನೊಳಗೆ ಕರಗಬೇಕು. ಮೂರನೆಯದು ಕೊಳಚೆ ನೀರು ಬಿಡುವ ಸಮಯ. ಒಳಬರುವ ನೀರನ್ನು ಕೂಡಿಟ್ಟು ಸಮನಾಗಿ ಬಿಡುವ ಸಮೀಕರಣ ಟ್ಯಾಂಕಿನ ಪಂಪನ್ನು ಅದೇ ಟೈಮರಿಗೆ ಜೋಡಿಸಿ, ಹೆಚ್ಚಿನ ಪಾಲು ನೀರು ಗಾಳಿ ನಿಂತ ಹೊತ್ತಿನಲ್ಲಿ ಬರುವಂತೆ ಮಾಡಿ. ಕ್ಲಾರಿಫೈಯರ್ ತಡೆಯುವಷ್ಟೇ ವೇಗವಿರಲಿ; ಸರಾಸರಿಯ ಎರಡು ಪಟ್ಟು ದಾಟದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಡಿಫ್ಯೂಸರುಗಳು ರಬ್ಬರ್ ಪೊರೆಯವಾಗಿರಲಿ, ಸೆರಾಮಿಕ್ ಆದರೆ ಗಾಳಿ ನಿಂತಾಗ ರಂಧ್ರ ಕಟ್ಟುತ್ತವೆ.

ಆಹಾರ ಸಾಲದಿದ್ದರೆ

ಅಮೋನಿಯಾ ಸೊನ್ನೆ, ನೈಟ್ರೇಟ್ ಮಾತ್ರ 20ರ ಮೇಲೇ ನಿಂತಿದ್ದರೆ ಮೊದಲು ಹಿಂದಿರುಗಿಸುವ ಪಂಪ್ ಓಡುತ್ತಿದೆಯೇ, ಆಮ್ಲಜನಕ ಹೆಚ್ಚಾಗಿದೆಯೇ ನೋಡಿ. ಎರಡೂ ಸರಿ ಇದ್ದರೆ ಆಹಾರದ ಕೊರತೆ. ಮೆಥನಾಲ್ ಪುಸ್ತಕದ ಉತ್ತರ, ಆದರೆ ಅದು ಬೆಂಕಿ ಹೊತ್ತುವ ವಿಷ, ಹಾಸ್ಟೆಲಿನ ಆವರಣದಲ್ಲಿ ಅದರ ಡ್ರಮ್ ಇಡಲು ನಾನು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಮುದ್ದೆ ಪಾತ್ರೆ ತೊಳೆದ ನೀರು ಇದ್ದೇ ಇದೆ. ಜಿಡ್ಡು ತಡೆಯುವ ತೊಟ್ಟಿ ದಾಟಿಸಿ ಅದನ್ನು ನೇರ ಗಾಳಿ ಇಲ್ಲದ ಕೋಣೆಗೆ ತನ್ನಿ. ಅದೂ ಸಾಲದಿದ್ದರೆ ಬೆಲ್ಲದ ನೀರು: ಒಂದು ಕಿಲೋ ನೈಟ್ರೇಟ್ ಸಾರಜನಕಕ್ಕೆ ಐದಾರು ಕಿಲೋ ಬೆಲ್ಲ. ಒಂದು ಲಕ್ಷ ಲೀಟರಿನಲ್ಲಿ ಇನ್ನೂ 5 ಮಿಲಿಗ್ರಾಂ ಇಳಿಸಲು ದಿನಕ್ಕೆ ಎರಡೂವರೆಯಿಂದ ಮೂರು ಕಿಲೋ. ಅರ್ಧದಿಂದ ಶುರುಮಾಡಿ, ಹೆಚ್ಚಾದರೆ ಬಿಒಡಿಯೇ ಹೊರಗೆ ಹೋಗುತ್ತದೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ನೂಲು ಬಿಚ್ಚುವ ನೀರು ಬೇರೆಯದೇ ಕಥೆ. ಗೂಡಿನ ಅಂಟಾದ ಸೆರಿಸಿನ್ ಪ್ರೋಟೀನ್ ಆದ್ದರಿಂದ ಆ ನೀರು ಬಿಒಡಿಯ ಜೊತೆಗೇ ಸಾರಜನಕವನ್ನೂ ತರುತ್ತದೆ, ಅದನ್ನು ಬೆಲ್ಲದ ಬದಲಿಗೆ ಬಳಸಲಾಗದು.

ಕಣ್ಣಿಗೆ ಕಾಣುವ ಸೂಚನೆಗಳು

ಒಂದು ಲೀಟರ್ ಅಳತೆ ಜಾಡಿಯಲ್ಲಿ ಏರೇಷನ್ ನೀರು ಬಿಟ್ಟು ನೋಡಿ. ಅರ್ಧ ಗಂಟೆಯಲ್ಲಿ ಚೆನ್ನಾಗಿ ಕುಳಿತ ಸ್ಲಡ್ಜ್ ಒಂದೆರಡು ಗಂಟೆಯಲ್ಲಿ ಗಡ್ಡೆಗಡ್ಡೆಯಾಗಿ ಮೇಲೆದ್ದರೆ, ಅದರೊಳಗೆ ಸಾರಜನಕದ ಗುಳ್ಳೆ ಹುಟ್ಟಿದೆ ಎಂದರ್ಥ. ಕ್ಲಾರಿಫೈಯರಿನ ಮೇಲೆ ಕಂದು ಬಣ್ಣದ ಹಕ್ಕಳೆ ತೇಲುವುದೂ ಇದೇ ಕಾರಣಕ್ಕೆ. ಹಲವು ಆಪರೇಟರುಗಳು ಇದನ್ನು ಗಾಳಿಯ ಕೊರತೆ ಎಂದು ತಿಳಿದು ಬ್ಲೋವರ್ ಹೆಚ್ಚಿಸುತ್ತಾರೆ, ನೈಟ್ರೇಟ್ ಇನ್ನೂ ಹೆಚ್ಚಿ ತೇಲುವುದೂ ಹೆಚ್ಚುತ್ತದೆ. ಮಾಡಬೇಕಾದದ್ದು ಕ್ಲಾರಿಫೈಯರಿನಿಂದ ಸ್ಲಡ್ಜನ್ನು ಬೇಗ ಹಿಂದಕ್ಕೆ ಎಳೆಯುವುದು, ವಿನೈಟ್ರೀಕರಣವನ್ನು ಮೊದಲಿನ ಕೋಣೆಯಲ್ಲೇ ಮುಗಿಸುವುದು. ಅರ್ಧ ಗಂಟೆಯಾದರೂ ಕೂರದೆ ಉಬ್ಬಿಕೊಂಡೇ ಇರುವ ಸ್ಲಡ್ಜ್ ಬೇರೆ ಕಾಯಿಲೆ, ಅದಕ್ಕೆ ಈ ಮದ್ದು ನಾಟುವುದಿಲ್ಲ.

ಪಿಎಚ್, ಆಮ್ಲಜನಕ, ಜಾಡಿ ಪರೀಕ್ಷೆ ದಿನವೂ, ಅಮೋನಿಯಾ, ನೈಟ್ರೇಟ್ ಪಟ್ಟಿ ಪರೀಕ್ಷೆ (ಬಣ್ಣ ಬದಲಿಸುವ ಪಟ್ಟಿಯಿಂದ) ವಾರಕ್ಕೆ ಎರಡು ಸಲ, ಕ್ಷಾರತೆ ವಾರಕ್ಕೊಮ್ಮೆ. ಕೆಲವು ಗಂಟೆ ಕರೆಂಟ್ ಹೋದರೆ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಇಡೀ ದಿನ ಗಾಳಿ ಇಲ್ಲದಿದ್ದರೆ ಮಾತ್ರ ಜನರೇಟರ್ ಹಚ್ಚಲೇಬೇಕು.

ಹಿಪ್ಪುನೇರಳೆ ತೋಟಕ್ಕೆ ಬಿಡುವವರಿಗೆ

ಎಲ್ಲ ನೀರಿನಿಂದಲೂ ನೈಟ್ರೇಟ್ ತೆಗೆಯಲೇಬೇಕು ಎಂಬ ಹಟ ನನಗಿಲ್ಲ. ನೀರಾವರಿಯ ವಿ-1 ತಳಿಯ ಹಿಪ್ಪುನೇರಳೆಗೆ ವರ್ಷಕ್ಕೆ ಹೆಕ್ಟೇರಿಗೆ 350 ಕಿಲೋ ಸಾರಜನಕದ ಶಿಫಾರಸು ಇದೆ. ದಿನಕ್ಕೆ ಒಂದು ಲಕ್ಷ ಲೀಟರಿನಲ್ಲಿ 40 ಮಿಲಿಗ್ರಾಂ ಉಳಿದರೆ ವರ್ಷಕ್ಕೆ 1,460 ಕಿಲೋ, ನಾಲ್ಕು ಹೆಕ್ಟೇರ್ ತೋಟಕ್ಕೆ ಸಾಕಾಗುವಷ್ಟು. ಅಷ್ಟು ಜಮೀನು ಕೈಯಲ್ಲಿದ್ದು, ಯೂರಿಯಾವನ್ನು ಅಷ್ಟರಮಟ್ಟಿಗೆ ಕಡಿತ ಮಾಡುವುದಾದರೆ ಬೇಸಿಗೆಯಲ್ಲಿ ವಿನೈಟ್ರೀಕರಣವನ್ನು ಸಡಿಲಿಸಬಹುದು. ಕ್ಷಾರತೆ 80ಕ್ಕಿಂತ ಕೆಳಗಿಳಿಯದಂತೆ ಮಾತ್ರ ನೋಡಿಕೊಳ್ಳಿ. ಯೂರಿಯಾ ಎಂದಿನಂತೆ ಹಾಕುತ್ತಲೇ ಈ ನೀರನ್ನೂ ಬಿಟ್ಟರೆ ಹೆಚ್ಚಾದದ್ದೆಲ್ಲ ಅಂತರ್ಜಲಕ್ಕೆ ಇಳಿಯುತ್ತದೆ. ಮಳೆ ಶುರುವಾದ ಕೂಡಲೇ, ಮುಖ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ತೋಟಕ್ಕೆ ನೀರು ಬೇಡವಾಗಿ ಎಲ್ಲವೂ ಕೆರೆಗೆ ಹರಿಯುತ್ತದೆ. ಅದಕ್ಕೆ ಎರಡು ವಾರ ಮೊದಲೇ ಹಿಂದಿರುಗಿಸುವ ನೀರನ್ನು ಪೂರ್ಣ ನಾಲ್ಕು ಪಟ್ಟಿಗೆ ತಂದು, ನೈಟ್ರೇಟ್ (ಸಾರಜನಕವಾಗಿ) 10ರ ಒಳಗೆ ಬಂದಿದೆಯೇ ಎಂದು ಪಟ್ಟಿ ಪರೀಕ್ಷೆಯಲ್ಲಿ ನೋಡಿ, ಆಮೇಲೆ ಕೆರೆಯ ಕಡೆಯ ಗೇಟ್ ತೆಗೆಯಿರಿ.